ದೊರೆ ಒಲೆ

ಕಾಸರಗೋಡಿನ ಸೆಕೆಯಲ್ಲೋ ಸೊಲ್ಲಾಪುರದ ಬಿಸಿಲಿನಲ್ಲೋ ಕುಳಿತು ಈ ಪುಟವನ್ನು ಓದುವವರಿಗೆ, ಮನೆಯ ಹಜಾರದ ಗೋಡೆಯೊಳಗೆ ಬೆಂಕಿ ಹಾಕಿಕೊಂಡು ಬದುಕುವುದು ವಿಚಿತ್ರವಾಗಿ ತೋರಬಹುದು. ನೀಲಗಿರಿಯ ಮೇಲಿರುವ ನಮಗೆ ಅದು ಹೊಸದಲ್ಲ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ತಗ್ಗಿನ ಹುಲ್ಲುಗಾವಲು ಹಿಮದಿಂದ ಬೆಳ್ಳಗಾಗಿರುತ್ತದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಈ ಬೆಟ್ಟವನ್ನು ಹತ್ತಿದ. ಕೆಲವೇ ವರ್ಷಗಳಲ್ಲಿ ಉದಕಮಂಡಲದಲ್ಲಿ ‘ಸ್ಟೋನ್ ಹೌಸ್’ ಎಂಬ ಮನೆಯನ್ನು ಕಟ್ಟಿಸಿದ. ಅವನ ಬೆನ್ನಿಗೆ ಬಂದ ಇಂಗ್ಲಿಷರೆಲ್ಲ ತಮ್ಮ ನಾಡಿನ ಹವೆಯನ್ನೇ ಇಲ್ಲಿ ಕಂಡು ತಮ್ಮ ನಾಡಿನಂಥ ಮನೆಗಳನ್ನೇ ಕಟ್ಟಿಕೊಂಡರು. ಆ ಮನೆಗಳೊಂದಿಗೆ ಬಂದದ್ದು ಗೋಡೆಯೊಳಗಣ ಇಟ್ಟಿಗೆಯ ಅಗ್ಗಿಷ್ಟಿಕೆ.

ನಮ್ಮ ಮನೆಯ ಹಜಾರದಲ್ಲಿರುವುದು ಅಂಥದೊಂದು. ನನ್ನ ಮಾವನವರ ತಂದೆ ಗುಂಡ್ಲುಪೇಟೆಯ ಕಡೆಯಿಂದ ಬಂಡೀಪುರದ ಕಾಡು ದಾಟಿ ಬಂದವರು. ಆಲೂಗಡ್ಡೆಯ ವ್ಯಾಪಾರ. ಬೆಟ್ಟದ ಮೇಲೆ ಕೊಂಡು ಮೆಟ್ಟುಪಾಳಯದ ಮಂಡಿಗೆ ಇಳಿಸುವುದು. ಸ್ವಾತಂತ್ರ್ಯದ ಮರುವರ್ಷಗಳಲ್ಲಿ ದೊರೆಗಳು ಗಂಟುಮೂಟೆ ಕಟ್ಟತೊಡಗಿದಾಗ, ಬಂಗಲೆಯೊಂದರ ಅರ್ಧಭಾಗವನ್ನು ಅವರು ಕೊಂಡರು. ಊಟದ ಮೇಜು, ಕುರ್ಚಿ, ಕನ್ನಡಿಗಳನ್ನೆಲ್ಲ ದೊರೆ ಮಾರಿಕೊಂಡು ಹೋದ. ಅಗ್ಗಿಷ್ಟಿಕೆಯನ್ನು ಮಾತ್ರ ಕಿತ್ತೊಯ್ಯಲಾಗಲಿಲ್ಲ.

1959ರಲ್ಲಿ ಮದುವೆಯಾಗಿ ಈ ಮನೆಗೆ ಬಂದ ನನ್ನ ಅತ್ತೆಯವರು ಅದನ್ನು ಕಂಡು ಕೇಳಿದ ಮೊದಲ ಪ್ರಶ್ನೆ: “ಒಲೆಯನ್ನ ಹಜಾರದಲ್ಲಿ ಯಾಕೆ ಮಡಗವ್ರೆ? ಪಾತ್ರೆ ಎಲ್ಲಿ ಇಕ್ಕೋದು?” ಪಾತ್ರೆ ಇಡಲು ಜಾಗವಿಲ್ಲದ ಒಲೆಗೆ ಅವರೇ ‘ದೊರೆ ಒಲೆ’ ಎಂದು ಹೆಸರಿಟ್ಟರು. ಅಗ್ಗಿಷ್ಟಿಕೆ ಎಂಬ ಮಾತು ನಮ್ಮ ಮನೆಯಲ್ಲಿ ಎಂದೂ ಬಳಕೆಯಾಗಲಿಲ್ಲ. ಆದರೆ ಹೆಸರಿಟ್ಟು ನಕ್ಕ ಅತ್ತೆಯವರೇ ಮೂರು ಬಾಣಂತನಗಳನ್ನು ಅದರ ಮುಂದೆ ಕಳೆದರು. ಒದ್ದೆ ಬಟ್ಟೆಗಳು ವಾರಗಟ್ಟಲೆ ಒಣಗದ ಮಳೆಗಾಲದಲ್ಲಿ ಕೂಸಿನ ಬಟ್ಟೆಗಳೆಲ್ಲ ಅದರ ಮುಂದಿನ ಹಗ್ಗದ ಮೇಲೆ ಆರಿದವು. ನನ್ನ ಪತಿ ಹುಟ್ಟಿದ್ದು ಜನವರಿಯ ಚಳಿಯಲ್ಲಿ. “ಅವನನ್ನ ಸಾಕಿದ್ದು ಅರ್ಧ ನಾನು, ಅರ್ಧ ಅದು” ಎಂದು ಅತ್ತೆ ಈಗಲೂ ಹೇಳುವುದುಂಟು.

ಆಮೇಲೆ ಅನಿಲದ ಒಲೆ ಬಂತು, ವಿದ್ಯುತ್ ಹೀಟರ್ ಬಂತು. ಸೌದೆಯ ಬೆಲೆ ಏರಿತು. ಮಾವನವರು ಅದರ ಬಾಯಿಗೆ ಪ್ಲೈವುಡ್ ಹಲಗೆ ಬಡಿಸಿ, ಮುಂದೆ ಟೆಲಿವಿಷನ್ ಇರಿಸಿದರು. ಇಟ್ಟಿಗೆಗೆ ಮೊದಲು ಹಸಿರು ಎಣ್ಣೆಬಣ್ಣ, ಕೆಲವು ವರ್ಷಗಳ ನಂತರ ಕೆನೆಬಣ್ಣ. ಕೊನೆಗೆ ಯಾರದೋ ಮದುವೆಯ ಹೊತ್ತಿಗೆ ಬಂದ ಬಣ್ಣದವನೊಬ್ಬ ಎಲ್ಲದರ ಮೇಲೆ ಕೆಂಪು ಬಳಿದು, ಅಡಿಕೋಲು ಹಿಡಿದು ಬಿಳಿಯ ಗೆರೆಗಳನ್ನೆಳೆದು ಇಟ್ಟಿಗೆಯ ಚಿತ್ರ ಬಿಡಿಸಿದ. ಒಳಗಿನ ನಿಜವಾದ ಇಟ್ಟಿಗೆಯ ಸಾಲಿಗೂ ಮೇಲಿನ ಗೆರೆಗಳಿಗೂ ತಾಳಮೇಳವೇ ಇರಲಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆಯ ಚಿತ್ರ: ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ, ಕಾರಣ ಮಾತ್ರ ನನಗಿನ್ನೂ ಅರ್ಥವಾಗಿಲ್ಲ.

ಕಳೆದ ಮಳೆಗಾಲದಲ್ಲಿ ಆ ಬಣ್ಣ ಬೊಬ್ಬೆಯೆದ್ದಿತು. ಕೈಯಿಟ್ಟರೆ ಪದರಪದರವಾಗಿ ಉದುರಿತು. ಒಳಗೆ ಬಿಳಿಯ ಉಪ್ಪು, ಮುಗ್ಗಲು ವಾಸನೆ. ಉಬ್ಬಸವಿರುವ ಅತ್ತೆಯವರಿಗೆ ಹಜಾರದಲ್ಲಿ ಕೂರುವುದೇ ಕಷ್ಟವಾಯಿತು. ಬೆಂಗಳೂರಿನಿಂದ ಬಂದ ಮಗ ಕೈಫೋನಿನಲ್ಲಿ ಹತ್ತಾರು ಚಿತ್ರಗಳನ್ನು ತೋರಿಸಿದ. ಒಂದರಲ್ಲಿ ಇಡೀ ಇಟ್ಟಿಗೆ ಅಚ್ಚ ಬಿಳುಪು. ಇನ್ನೊಂದರಲ್ಲಿ ಕಲ್ಲಿನ ಹಲ್ಲೆಗಳ ಹೊದಿಕೆ, ಮೇಲೆ ಗೋಡೆಗಂಟಿದ ಟೆಲಿವಿಷನ್. “ಇಲ್ಲದಿದ್ದರೆ ಒಡೆದೇ ಬಿಡೋಣಮ್ಮ, ಜಾಗವಾದರೂ ಆಗುತ್ತದೆ” ಎಂದ. ಮೂಲೆಯಲ್ಲಿದ್ದ ಅತ್ತೆ, “ಒಡೆಯೋ ಮುಂಚೆ ಒಂದು ದಿನ ಹಚ್ಚು ಕಣಪ್ಪ, ನೋಡ್ತೀನಿ” ಎಂದರು. ಎಂಬತ್ತನಾಲ್ಕರ ಮುದುಕಿ, ಎದೆಯಲ್ಲಿ ಸುಂಯ್‌ಗುಡುವ ಉಸಿರು, ಕೈಯಲ್ಲಿ ಇನ್‌ಹೇಲರ್, ಕೇಳುವುದು ಬೆಂಕಿಯನ್ನು. ಮಗ ನನ್ನ ಮುಖ ನೋಡಿದ. ಹಜಾರದ ಅಲಂಕಾರದ ಪ್ರಶ್ನೆಯಾಗಿದ್ದದ್ದು ಆ ಕ್ಷಣದಲ್ಲಿ ಬೇರೆಯೇ ಆಯಿತು.

ಮೊದಲು ತೇವ ಎಲ್ಲಿಂದ ಬಂತೆಂಬುದು ತಿಳಿಯಬೇಕಿತ್ತು. ಹಳೆಯ ಕಟ್ಟಡಗಳ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಕೂನೂರಿನಿಂದ ಬಂದರು. ಮಾತೆಲ್ಲ ತಮಿಳಿನಲ್ಲಿ, ಆದರೆ ಅತ್ತೆಯವರ ಗುಂಡ್ಲುಪೇಟೆಯ ಕನ್ನಡವೂ ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅವರು ಗೋಡೆಯನ್ನು ನೋಡಲೇ ಇಲ್ಲ, ನೇರವಾಗಿ ಮಾಡು ಹತ್ತಿದರು. ಹೊಗೆಗೂಡಿನ ಮೇಲ್ಬಾಯಿ ಆಕಾಶಕ್ಕೆ ತೆರೆದಿತ್ತು, ಕೆಳಬಾಯಿಗೆ ಹಲಗೆ. ನಲವತ್ತು ವರ್ಷಗಳ ಮಳೆ ಒಳಗಿಳಿದಿದೆ, ಗಾಳಿಯಾಡಲು ದಾರಿಯಿಲ್ಲ. ಬೆಂಕಿಯಿದ್ದ ಕಾಲದಲ್ಲಿ ಒಳಗೆ ಬಿದ್ದ ನೀರನ್ನು ಬಿಸಿಯೇ ಆರಿಸುತ್ತಿತ್ತು. ಬೆಂಕಿ ನಿಂತ ಮೇಲೆ ನೀರು ಇಟ್ಟಿಗೆಯನ್ನು ಹೊಕ್ಕಿತು; ಹೊರಬರೋಣವೆಂದರೆ ಹೊರಮೈಯಲ್ಲಿ ಎಣ್ಣೆಬಣ್ಣದ ಮೂರು ಪದರ. ಇಟ್ಟಿಗೆಯೂ ಉಸಿರಾಡುವ ವಸ್ತು ಎಂಬರ್ಥದ ಮಾತೊಂದನ್ನು ಮೇಸ್ತ್ರಿ ಹೇಳಿದರು. ಅತ್ತೆಯವರು ತಲೆಯಾಡಿಸಿದರು.

ಹೀಗಾಗಿ ಬಿಳಿಯ ಬಣ್ಣದ ಆಸೆಯನ್ನು ಮಗ ಬಿಡಬೇಕಾಯಿತು. ಇಟ್ಟಿಗೆಗೆ ಒಮ್ಮೆ ಹೀರಿಸಿದ ಬಣ್ಣವನ್ನು ಪೂರ್ತಿ ತೆಗೆಯುವುದು ಅಸಾಧ್ಯಕ್ಕೆ ಹತ್ತಿರವಾದ ಕೆಲಸ. ನಾವು ತೆಗೆದದ್ದನ್ನು ನೋಡಿದ ಮೇಲೆ ಅವನೇ ಅದನ್ನು ಒಪ್ಪಿದ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಉಜ್ಜುಕಾಗದ ಹಾಕಿ ಧೂಳೆಬ್ಬಿಸುವಂತಿಲ್ಲ. ಅತ್ತೆಯವರನ್ನು ನಾದಿನಿಯ ಮನೆಗೆ ಕಳುಹಿಸಿ, ಮುಖಕ್ಕೆ ಮುಸುಕು ಕಟ್ಟಿಕೊಂಡು, ಬಣ್ಣ ಕರಗಿಸುವ ಲೇಪವನ್ನು ಹಚ್ಚಿ, ಒದ್ದೆಯಾಗಿರುವಾಗಲೇ ಕೆರೆದು ತೆಗೆದೆವು. ಹದಿನಾಲ್ಕು ದಿನ ಹಿಡಿಯಿತು. ಆಸಿಡ್ ಹಾಕಿದರೆ ಒಂದೇ ದಿನದ ಕೆಲಸವೆಂದು ಹೇಳಿದವರಿದ್ದರು. ಆಸಿಡ್ ಇಟ್ಟಿಗೆಯ ಮೇಲ್ಮೈಯನ್ನೂ ಸುಣ್ಣದ ಗಾರೆಯನ್ನೂ ತಿನ್ನುತ್ತದೆ. ಉಪ್ಪಿನ ಪುಡಿಯನ್ನು ನೀರು ಹಾಕದೆ ಒಣ ಕುಂಚದಿಂದಲೇ ಗುಡಿಸಬೇಕು, ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಬಣ್ಣ ಹೋದ ಮೇಲೆ ಕಂಡ ಇಟ್ಟಿಗೆ ಒಂದೇ ಬಣ್ಣದ್ದಲ್ಲ. ಒಂದು ಜೇನಿನಂತೆ, ಇನ್ನೊಂದು ಸುಟ್ಟ ಬೆಲ್ಲದಂತೆ, ಆವಿಗೆಯಲ್ಲಿ ಬೆಂಕಿಗೆ ತೀರ ಹತ್ತಿರವಿದ್ದ ಕೆಲವು ನೇರಳೆಗಪ್ಪು. ಬಾಯಿಯ ಮೇಲಿನ ಕಮಾನಿನ ಇಟ್ಟಿಗೆಗಳನ್ನು ಒಂದೊಂದಾಗಿ ಉಜ್ಜಿ ಓರೆಮಾಡಿ ಕೂರಿಸಿದ್ದರು. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದದ್ದು ಇದನ್ನೇ? ಕಲ್ಲಿನ ಹಲ್ಲೆ ಅಂಟಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸಂದುಗಳಲ್ಲಿ ಅಲ್ಲಲ್ಲಿ ಸಿಮೆಂಟು ಮೆತ್ತಿದ್ದರು. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ. ಗೋಡೆ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವಾಗ ಸೋಲುವುದು ಇಟ್ಟಿಗೆ. ನಮ್ಮಲ್ಲೂ ಸಿಮೆಂಟಿದ್ದ ಕಡೆ ಇಟ್ಟಿಗೆಯ ಅಂಚುಗಳು ಉದುರಿದ್ದವು, ಹಳೆಯ ಸುಣ್ಣವಿದ್ದ ಕಡೆ ಹಾಗೇ ಇದ್ದವು. ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೆತ್ತಿ, ನೆನೆದು ಹದವಾದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ತುಂಬಿದರು. ಸುಣ್ಣ ಗಾಳಿಯಿಂದಲೇ ನಿಧಾನವಾಗಿ ಗಟ್ಟಿಯಾಗುವಂಥದು. ಬೇಗ ಒಣಗಬಾರದು, ಹಿಮಕ್ಕೂ ಸಿಲುಕಬಾರದು. ಅದಕ್ಕಾಗಿಯೇ ಫೆಬ್ರವರಿ ಮುಗಿಯುವವರೆಗೆ ಮೇಸ್ತ್ರಿ ಕೈಯಿಡಲಿಲ್ಲ. ದಿನಕ್ಕೆರಡು ಬಾರಿ ಒದ್ದೆ ಗೋಣಿ ಹೊದಿಸುವುದು ನನ್ನ ಪಾಲಿಗೆ ಬಂತು.

ಹೊಗೆಗೂಡನ್ನು ಗುಡಿಸಿದಾಗ ಎರಡು ಮೂಟೆ ಮಸಿ, ಹಕ್ಕಿಗೂಡಿನ ಕಸ, ಒಂದು ಟೆನ್ನಿಸ್ ಚೆಂಡು ಬಿದ್ದವು. ಒಳಮೈಯ ಹಳೆಯ ಲೇಪ ಸೀಳಿತ್ತು. ಸೀಳಿನಿಂದ ಹೊಗೆ ಪಕ್ಕದ ಕೋಣೆಗೆ ಸೋರುವ ಅಪಾಯವಿದ್ದುದರಿಂದ ಅದನ್ನು ಪೂರ್ತಿ ಹೊಸದಾಗಿ ಮಾಡಿಸಬೇಕಾಯಿತು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಹೊಗೆಗೂಡಿನ ಒಳಮೈಗೆ ಸುಣ್ಣದ ಗಾರೆಯ ಜೊತೆ ದನದ ಸಗಣಿ ಸೇರಿಸಿ ಬಳಿಯುತ್ತಿದ್ದರು. ಇದನ್ನು ಹೇಳಿದಾಗ ಅತ್ತೆಯವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. “ದೊರೆ ಮನೇಲೂ ಸಾರಿಸ್ತಿದ್ರಾ?”

ಗೂಡು ಇಷ್ಟು ಆಳವಿಲ್ಲದೆ, ಪಕ್ಕದ ಗೋಡೆಗಳು ಓರೆಯಾಗಿ ಏಕಿವೆ, ಅಗಲಮಾಡಿಸಬಹುದಲ್ಲ ಎಂದು ಮಗ ಕೇಳಿದ್ದ. ಅದಕ್ಕೊಂದು ಕಾರಣವಿದೆ. 1796ರಲ್ಲಿ ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ ಎಂಬ ವಿಜ್ಞಾನಿ ಅಗ್ಗಿಷ್ಟಿಕೆಗಳನ್ನು ಕುರಿತೇ ಒಂದು ಪ್ರಬಂಧ ಬರೆದ. ಆಳದ ಗೂಡಿನಲ್ಲಿ ಬಿಸಿಯೆಲ್ಲ ಹೊಗೆಯ ಜೊತೆ ಮೇಲೆ ಹೋಗುತ್ತದೆ. ಗೂಡು ತೆಳುವಾಗಿ, ಪಕ್ಕಗಳು ಓರೆಯಾಗಿ, ಗಂಟಲು ಕಿರಿದಾಗಿದ್ದರೆ ಬಿಸಿ ಕೋಣೆಗೆ ಹೊರಳುತ್ತದೆ, ಹೊಗೆ ಸರಾಗವಾಗಿ ಏರುತ್ತದೆ ಎಂಬುದು ಅವನ ವಾದ. ನಮ್ಮ ದೊರೆ ಒಲೆಯೂ ಆ ಮಾದರಿಯದೇ. ಅಂದಕ್ಕೆಂದು ಬಾಯಿಯನ್ನು ಹಿಗ್ಗಿಸಿದರೆ ಹೊಗೆ ಕೋಣೆಗೆ ನುಗ್ಗುತ್ತದೆ. ಹಳೆಯ ಮನೆಗಳನ್ನು ‘ಹೋಂ ಸ್ಟೇ’ ಮಾಡುವ ನಮ್ಮ ಊರಿನ ಭರಾಟೆಯಲ್ಲಿ ಈ ಎಚ್ಚರ ಅಪರೂಪ.

ಅಲಂಕಾರದ ವಿಷಯದಲ್ಲಿ ಜಗಳ ನಡೆದದ್ದು ಮೇಲಿನ ಹಲಗೆಯ ಕುರಿತು. ಬೀಟೆಯ ಹಳೆಯ ಹಲಗೆಯನ್ನು ಉಜ್ಜಿ ಎಣ್ಣೆ ಹಚ್ಚಿದೆವು. ಅಲ್ಲಿ ಮಾವನವರ ಹಾರ ಹಾಕಿದ ಭಾವಚಿತ್ರವಿರಬೇಕೆಂದು ನನ್ನ ಪತಿಯ ಇಷ್ಟ. “ಅವರನ್ನ ಬೆಂಕಿ ಮೇಲೆ ಇಕ್ಕಬೇಡಿ” ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಟೆಲಿವಿಷನ್ನೂ ಅಲ್ಲಿ ಬೇಡವೆಂದಾಯಿತು, ಬಿಸಿಗೆ ಅದು ಬಾಳುವುದಿಲ್ಲ. ಈಗ ಅಲ್ಲಿ ಎರಡು ಹಿತ್ತಾಳೆಯ ದೀಪದ ಕಂಬಗಳಿವೆ, ಮಂಡಿಯ ಕಾಲದ ತೂಕದ ಬಟ್ಟುಗಳು ಸಾಲಾಗಿ ಕೂತಿವೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳು ಅಲ್ಲಿಗೇ ಏರಿದವು. ಇಟ್ಟಿಗೆಯ ಸುತ್ತಲಿನ ಗೋಡೆಗೆ ಸುಣ್ಣ ಬಳಿಸಿದ್ದರಿಂದ ಮಗನ ಬಿಳುಪೂ ಸಂದಿತು, ಮುಂದಿನ ನೆಲಕ್ಕೆ ಕೆಂಪು ಕಾವಿ. ಬಚ್ಚಲುಮನೆಯಲ್ಲಿ ಕಿಲುಬು ಹಿಡಿದಿದ್ದ ತಾಮ್ರದ ಹಂಡೆ ಬೆಳಗಿಸಿಕೊಂಡು ಪಕ್ಕಕ್ಕೆ ಬಂತು, ಸೌದೆಯಿಡಲು.

ಸೌದೆ ಅಂದರೆ ಇಲ್ಲಿ ಕರ್ಪೂರದ ಮರ. ಕರ್ನಾಟಕದವರು ‘ನೀಲಗಿರಿ’ ಎನ್ನುವುದು ಇದನ್ನೇ. ನಮ್ಮ ಬೆಟ್ಟದ ಹೆಸರನ್ನು ಹೊತ್ತ ಮರ ಆಸ್ಟ್ರೇಲಿಯದ್ದು. ಅದನ್ನು ಸೀಳಿ, ಸೂರಿನಡಿ ಒಂದು ವರ್ಷವಾದರೂ ಒಣಗಿಸಬೇಕು. ಹಸಿ ಸೌದೆ ಉರಿಸಿದರೆ ಹೊಗೆಗೂಡಿನಲ್ಲಿ ಡಾಂಬರಿನಂಥ ಕರಿ ಕಟ್ಟಿ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಇನ್ನು, ಹೊಗೆಗೂಡಿಲ್ಲದ ಕೋಣೆಯಲ್ಲಿ ಬಾಗಿಲು ಮುಚ್ಚಿ ಇದ್ದಿಲ ಕೆಂಡವಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನು ಬೆಟ್ಟದವರೆಲ್ಲ ಚಳಿಗಾಲದಲ್ಲಿ ಓದಿದ್ದೇವೆ. ಇಂಗಾಲದ ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರವಾಸಕ್ಕೆ ಬರುವ ಓದುಗರು ದಯವಿಟ್ಟು ಇದನ್ನು ನೆನಪಿಡಬೇಕು.

ಗಾರೆ ಬಲಿಯಲೆಂದು ಎರಡು ತಿಂಗಳು ಕಾದೆವು. ವೈದ್ಯರನ್ನು ಕೇಳಿದಾಗ ಮೊದಲು ಬೇಡವೆಂದರು. ಅತ್ತೆಯವರು ಅವರ ಮುಂದೆ ಏನೂ ಮಾತಾಡದೆ ಕೂತಿದ್ದರು. ಕಡೆಗೆ, ಹೊಗೆ ಚೂರೂ ಕೋಣೆಗೆ ಬರದಿದ್ದರೆ, ದೂರದಲ್ಲಿ ಕೂತು, ಅರ್ಧ ಗಂಟೆ ಎಂದರು. ಅವರಿಲ್ಲದಾಗ ಮೂರು ಬಾರಿ ಸಣ್ಣ ಬೆಂಕಿ ಹಾಕಿ ನೋಡಿದೆವು. ಹೊಗೆ ನೆಟ್ಟಗೆ ಮೇಲೇರಿತು.

ಜೂನಿನ ಮೊದಲ ಮಳೆಯ ಸಂಜೆ ಹಚ್ಚಿದೆವು. ಕಿಟಕಿಯೊಂದನ್ನು ತುಸು ತೆರೆದಿಟ್ಟು, ಹಜಾರದ ಆ ತುದಿಯಲ್ಲಿ ಅತ್ತೆಯವರ ಕುರ್ಚಿ. ಅವರು ಬಹಳ ಹೊತ್ತು ಬೆಂಕಿಯನ್ನು ನೋಡಲಿಲ್ಲ, ಇಟ್ಟಿಗೆಯನ್ನು ನೋಡಿದರು. “ಹಿಂಗೇ ಇತ್ತು ನಾನು ಬಂದಾಗ” ಎಂದರು. ಅರ್ಧ ಗಂಟೆಯಾಯಿತೆಂದು ಮಗ ಗಡಿಯಾರ ತೋರಿಸಿದ. ಆಗ ಅವರು ಸೆರಗಿನಿಂದ ನಾಲ್ಕು ಆಲೂಗಡ್ಡೆ ತೆಗೆದು ಅವನ ಕೈಗಿತ್ತು, ಬೂದಿಯಲ್ಲಿ ಹೂಳಲು ಹೇಳಿದರು. ಆಲೂಗಡ್ಡೆ ಬೇಯಲು ಒಂದು ಗಂಟೆಯಾದರೂ ಬೇಕಲ್ಲ ಅಜ್ಜಿ ಎಂದ ಮೊಮ್ಮಗನಿಗೆ, “ನನಗೇನು ಗೊತ್ತಿಲ್ವಾ?” ಎಂದು ಶಾಲನ್ನು ಬಿಗಿಯಾಗಿ ಹೊದ್ದು ಅಲ್ಲೇ ಕೂತರು. ನಾನು ಅಡುಗೆಮನೆಗೆ ಹೋಗಿ ಉಪ್ಪು, ಮೆಣಸಿನಪುಡಿ ತಂದೆ.