ವಸಯಿ ಕೋಟೆಗೊಂದು ಆದಿತ್ಯವಾರ

ಮುಂಬಯಿಯಲ್ಲಿ ನೆಲಸಿದ ನಮ್ಮವರ ಪ್ರವಾಸವೆಲ್ಲ ಮೇ ತಿಂಗಳಲ್ಲಿ ಊರಿಗೆ ಹೋಗಿಬರುವುದರಲ್ಲೇ ಮುಗಿದುಹೋಗುತ್ತದೆ. ಮಿಕ್ಕ ಹನ್ನೊಂದು ತಿಂಗಳು ಆಫೀಸು, ಲೋಕಲು, ಮನೆ. ಮಹಾಬಳೇಶ್ವರ, ಮಾಥೇರಾನಗಳ ಮಾತು ಬಂದರೆ ಗುಮಾಸ್ತನ ಕಿಸೆ ಮೊದಲೇ ಕೆಮ್ಮತೊಡಗುತ್ತದೆ. ಅಂಥವರಿಗಾಗಿಯೇ ಈ ನಾಲ್ಕು ಮಾತು. ಒಂದು ಲೋಕಲಿನ ಟಿಕೇಟು, ಒಂದು ಬಸ್ಸಿನ ಟಿಕೇಟು, ಮನೆಯ ಬುತ್ತಿ, ಇಷ್ಟಿದ್ದರೆ ಹಳೆಯ ಕಡಲ ಪಟ್ಟಣವೊಂದನ್ನು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಆ ಪಟ್ಟಣವೇ ವಸಯಿ. ಚರ್ಚ್‌ಗೇಟಿನಿಂದ ಸುಮಾರು 50 ಕಿಲೋಮೀಟರು. ಪಶ್ಚಿಮ ರೈಲ್ವೆಯ ವಿರಾರ್ ಲೋಕಲು ಹಿಡಿದು ವಸಯಿ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಡೊಂಬಿವಲಿಯ ಕಡೆಯವರಿಗೆ ದಿವಾದಿಂದ ಗಾಡಿ ಉಂಟು. ಆದರೆ ಅದು ಅಪರೂಪದ ಅತಿಥಿ. ಹೊತ್ತು ವಿಚಾರಿಸಿಯೇ ಹೊರಡಬೇಕು, ಇಲ್ಲವೇ ದಾದರಿನಲ್ಲಿ ಗಾಡಿ ಬದಲಿಸಬೇಕು.

ಕಳೆದ ಜನವರಿಯಲ್ಲಿ ನಾವು ಗೋರೆಗಾಂವಿನಿಂದ ಹೊರಟವರು ನಾಲ್ವರು: ನಾನು, ನನ್ನಾಕೆ, ಅಮ್ಮ ಮತ್ತು ಹತ್ತು ವರ್ಷದ ಮಗ. ಮಗನಿಗೂ ಅಜ್ಜಿಗೂ ಕೆಲವು ದಿನಗಳಿಂದ ಸಣ್ಣ ಮುನಿಸು. "ಈ ಸಲ ರಜೆಗೆ ಬಸರೂರಿಗೆ ಬರಲಾರೆ, ಆ ಹಳ್ಳಿಯಲ್ಲಿ ಏನಿದೆ?" ಎಂದುಬಿಟ್ಟಿದ್ದ. ಹುಡುಗನ ಮಾತೆಂದು ನಾವು ನಕ್ಕರೂ ಅಮ್ಮ ನಕ್ಕಿರಲಿಲ್ಲ.

ಆದಿತ್ಯವಾರದ ಮುಂಜಾನೆ ವಿರಾರ್ ಲೋಕಲಿನಲ್ಲಿ ಕಿಟಕಿಯ ಪಕ್ಕದ ಆಸನ ದೊರೆತುದೇ ಒಂದು ಐತಿಹಾಸಿಕ ಘಟನೆ! ಭಾಯಂದರ್ ದಾಟಿದೊಡನೆ ಕಟ್ಟಡಗಳ ಸಾಲು ಮುಗಿದು ಖಾರಿಯ ವಿಶಾಲವಾದ ನೀರು. ಎರಡು ಸೇತುವೆಗಳ ನಡುವೆ ಪಾಂಜು ಎಂಬ ದ್ವೀಪ, ಆಚೆ ಉಪ್ಪಿನ ಆಗರಗಳು. ಗಂಗೊಳ್ಳಿ ಹೊಳೆಯನ್ನು ಕಂಡಂತಾಯಿತೆಂದು ಅಮ್ಮ ಕಿಟಕಿ ಬಿಟ್ಟು ಏಳಲಿಲ್ಲ.

ನಿಲ್ದಾಣದ ಪಶ್ಚಿಮಕ್ಕೆ ಇಳಿದರೆ ವಸಯಿ ಗಾಂವಿನ ಕಡೆಗೆ ನಗರಪಾಲಿಕೆಯ ಬಸ್ಸು ಸಿಗುತ್ತದೆ. ಕೋಟೆಯವರೆಗೆ ಹೋಗದಿದ್ದರೆ ಉಳಿದ ದಾರಿಗೆ ರಿಕ್ಷಾ ಇದ್ದೇ ಇದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಬಾಳೆಯ ತೋಟ, ಬಾವಿ, ಹಂಚಿನ ಮನೆ, ಬಿಳಿಯ ಇಗರ್ಜಿ. ಇಲ್ಲಿನ ಒಣಗಿಸಿದ ಬಾಳೆಹಣ್ಣಿಗೆ 'ಸುಕೇಳಿ' ಎನ್ನುತ್ತಾರೆ, ಕಂಡರೆ ಬಿಡಬೇಡಿ.

ಕೋಟೆಯೆಂದರೆ ನಮ್ಮ ಕಣ್ಣ ಮುಂದೆ ಬರುವುದು ಗುಡ್ಡದ ಮೇಲಿನ ಬುರುಜು. ವಸಯಿಯದು ಹಾಗಲ್ಲ, ಗೋಡೆಯೊಳಗೆ ಒಂದು ಇಡೀ ಊರೇ ಇತ್ತು. ಒಂದು ಬಾಗಿಲು ನೆಲದ ಕಡೆಗೆ, ಇನ್ನೊಂದು ನೀರಿನ ಕಡೆಗೆ. ನಡುವೆ ಮಠಗಳು, ಇಗರ್ಜಿಗಳು, ಶ್ರೀಮಂತರ ಮನೆಗಳು. ಈಗ ಮಾಡಿಲ್ಲದ ಗೋಡೆಗಳ ಮೇಲೆ ಅರಳಿಯ ಬೇರು ಇಳಿದಿವೆ. ಕಡಲ ಬಾಗಿಲ ಹೊರಗೆ ಕೋಳಿಗಳ ದೋಣಿ, ಬಲೆ ಮತ್ತು ಒಣಮೀನಿನ ವಾಸನೆ ಮಾತ್ರ ಇಂದಿಗೂ ಜೀವಂತ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ ಶಹನು ವಸಯಿಯನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟ. ಅದರ ಜೊತೆಗೆ, ತೆಂಗಿನಕಾಯಿಯ ಸಂಗಡ ವೀಳ್ಯ ಕೊಟ್ಟಂತೆ, ಹೋದದ್ದು ಮುಂಬಯಿಯ ದ್ವೀಪಗಳು! ಉತ್ತರ ಪ್ರಾಂತದ ರಾಜಧಾನಿ ವಸಯಿ. ಮುಂಬಯಿ ಅದರ ಕೈಕೆಳಗಿನದು. ಆ ಮುಂಬಯಿಯನ್ನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಗೇಣಿಗೆ ಪಡೆದಿದ್ದ. 1661ರ ವಿವಾಹದ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ದೊರೆಗೆ ವರದಕ್ಷಿಣೆಯಾಯಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ. ಆಳವಾದ ಬಂದರ, ಎಲ್ಲ ಮತದ ವರ್ತಕರಿಗೂ ಇಂಬು, ಮುಂಬಯಿ ಬೆಳೆಯಿತು. ವಸಯಿಯನ್ನು 1739ರ ಮೇ ತಿಂಗಳಲ್ಲಿ, ತಿಂಗಳುಗಟ್ಟಲೆ ಮುತ್ತಿಗೆಯ ಬಳಿಕ, ಮೊದಲನೆಯ ಬಾಜೀರಾವ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ಗೆದ್ದ. 1802ರ ಕೊನೆಯ ದಿನ ಎರಡನೆಯ ಬಾಜೀರಾವ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ತನ್ನ ಸ್ವಾತಂತ್ರ್ಯ ಕಳೆದುಕೊಂಡದ್ದೂ ಇದೇ ವಸಯಿಯಲ್ಲಿ.

"ಹಾಗಾದರೆ ಮುಂಬಯಿಗಿಂತ ಇದೇ ದೊಡ್ಡದಾಗಿತ್ತೇ, ಅಪ್ಪಾ?" ಎಂದು ಮಗ ಎರಡು ಸಲ ಕೇಳಿದ.

ಹಾಳುಬಿದ್ದ ಇಗರ್ಜಿಯೊಂದರ ಬಾಗಿಲಲ್ಲಿ ಅಮ್ಮ ಮೆಟ್ಟು ಕಳಚಿದರು. "ಇಲ್ಲಿ ದೇವರಿಲ್ಲವಲ್ಲ, ಅತ್ತೆ, ಕಲ್ಲು ಚುಚ್ಚೀತು" ಎಂದಳು ನನ್ನಾಕೆ. "ಒಂದು ಕಾಲಕ್ಕೆ ಜನ ಕೈಮುಗಿದ ಜಾಗ ಅಲ್ಲವಾ?" ಎಂದರು ಅಮ್ಮ. ವಸಯಿಯ ಇಗರ್ಜಿಗಳ ಗಂಟೆಗಳನ್ನು ಮರಾಠರು ವಿಜಯದ ಗುರುತಾಗಿ ಒಯ್ದು ದೇವಸ್ಥಾನಗಳಲ್ಲಿ ಕಟ್ಟಿದರು. ನಾಸಿಕದ ಪಂಚವಟಿಯ ನಾರೋಶಂಕರ ದೇವಾಲಯದ ದೊಡ್ಡ ಗಂಟೆ ಅಂಥದೇ ಒಂದು. ಯಾತ್ರೆಗೆ ಹೋದಾಗ ಅಮ್ಮ ಅದನ್ನು ಕಂಡವರು. ಆ ಗಂಟೆ ಇಲ್ಲಿಯದೆಂದು ಹೇಳಿದಾಗ ಬರಿದಾದ ಗೋಪುರವನ್ನು ನೋಡುತ್ತ ಬಹಳ ಹೊತ್ತು ನಿಂತರು.

ಬುತ್ತಿ ಬಿಚ್ಚಿ ಕುಳಿತಾಗ ನಾನು ಮಗನಿಗೆ ಬಸರೂರಿನ ಕಥೆ ಹೇಳಿದೆ. ನಮ್ಮ ಬಸರೂರೂ ಹೀಗೆಯೇ ಒಂದು ಬಂದರ. ಅಲ್ಲಿಂದ ಹೊರಟ ಅಕ್ಕಿಯ ಹಡಗುಗಳೇ ಗೋವೆಯ ಪೋರ್ತುಗೀಜರ ಹೊಟ್ಟೆ ತುಂಬುತ್ತಿದ್ದವು. 16ನೇ ಶತಮಾನದಲ್ಲಿ ಅವರು ಅಲ್ಲಿಯೂ ಕೋಟೆ ಕಟ್ಟಿದರು. ಮುಂದಿನ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ಅದನ್ನು ಅವರಿಂದ ಕಸಿದುಕೊಂಡ. 1665ರಲ್ಲಿ ಶಿವಾಜಿ ಮಹಾರಾಜರು ಸ್ವತಃ ಹಡಗು ಹತ್ತಿ ದಾಳಿಗೆ ಹೋದದ್ದು ಆ ಊರಿಗೇ. ಆ ಕಾಲದ ಮುಂಬಯಿಯೇ ಬಸರೂರಿಗೆ ಹಳ್ಳಿಯಾಗಿ ಕಂಡಿರಬೇಕು!

ಮಗ ಮಾತಾಡಲಿಲ್ಲ. ಮೊಸರನ್ನದ ಕೈಯನ್ನು ತೊಳೆದುಕೊಂಡು ಅಜ್ಜಿಯ ಬಳಿ ಸರಿದು ಕುಳಿತು, "ಅಜ್ಜೀ, ಹಡಗು ಎಲ್ಲಿ ನಿಲ್ಲುತ್ತಿತ್ತು? ನೀನು ಆ ಜಾಗ ನೋಡಿದ್ದೀಯಾ?" ಎಂದು ಕೇಳಿದ. ಅಮ್ಮನ ಉತ್ತರ ಬಸ್ಸು ಬರುವವರೆಗೂ ಮುಗಿಯಲಿಲ್ಲ.

ಹೋಗುವವರಿಗೆ ಕೆಲವು ಸೂಚನೆಗಳು. ಚಳಿಗಾಲದಲ್ಲೇ ಹೋಗಿರಿ. ನೀರು, ತಿಂಡಿ ಕೈಯಲ್ಲಿರಲಿ. ಗೋಡೆಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ, ಕಲ್ಲು ಸಡಿಲವಾಗಿವೆ. ಹೊತ್ತು ಮಿಕ್ಕರೆ ಮುಂದಿನ ನಿಲ್ದಾಣವಾದ ನಾಲಾಸೋಪಾರಾಕ್ಕೆ ಹೋಗಿ, 1882ರಲ್ಲಿ ಭಗವಾನಲಾಲ ಇಂದ್ರಜಿ ಅಗೆಸಿದ ಬೌದ್ಧ ಸ್ತೂಪ ನೋಡಿರಿ. ನಮ್ಮ ಮಸ್ಕಿ, ಕೊಪ್ಪಳಗಳಲ್ಲಿ ಬಂಡೆಯ ಮೇಲೆ ಬರೆಸಿದ ಅಶೋಕನು ಸೋಪಾರಾದಲ್ಲಿಯೂ ಶಾಸನ ಬರೆಸಿದ್ದ.

ಇಂದು ವಸಯಿಯ ಜನ ಬೆಳಗಾಗುತ್ತಲೇ ಹೊಟ್ಟೆಪಾಡಿಗಾಗಿ ಮುಂಬಯಿಗೆ ಓಡುತ್ತಾರೆ, ನಮ್ಮ ಹಿರಿಯರು ಬಸರೂರಿನಿಂದ ಓಡಿಬಂದಂತೆಯೇ. ಯಾವ ಊರೂ ಹುಟ್ಟಿನಿಂದ ಸಣ್ಣದಲ್ಲ, ಯಾವುದೂ ಸದಾಕಾಲ ದೊಡ್ಡದಲ್ಲ. ಮುಂಬಯಿಯಲ್ಲೇ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಉಪದೇಶವಾಗುತ್ತದೆ. ವಸಯಿಯ ಕಡಲ ಬಾಗಿಲಲ್ಲಿ ನಿಲ್ಲಿಸಿದರೆ ತಾವಾಗಿಯೇ ಕೇಳುತ್ತಾರೆ.