ಭಾನುವಾರ ಯಾರದು

ರೇಸಿಗೆ ತಾರೀಕಿದೆ. ಬೈಕ್ ರೇಸಿನ ಗೀಳಿರುವವರ ಜೊತೆ ಸಂಸಾರ ಮಾಡುವವರಿಗೆ ಎಲ್ಲಕ್ಕಿಂತ ಮೊದಲು ಅರ್ಥವಾಗುವುದು ಇದೇ. ಯಾವ ತಿಂಗಳು ಯಾವ ರೌಂಡು ಎಂಬ ಪಟ್ಟಿ ಸೀಸನ್ನಿಗೆ ಮುಂಚೆಯೇ ಬಂದುಬಿಡುತ್ತದೆ. ಇಂಥ ದಿನದೊಳಗೆ ಫೀಸು ಕಟ್ಟಬೇಕು, ಇಂಥ ಹೊತ್ತಿಗೆ ಗಾಡಿಯನ್ನು ತಪಾಸಣೆಗೆ ತಂದು ನಿಲ್ಲಿಸಬೇಕು, ಇಷ್ಟು ಗಂಟೆಗೆ ರೈಡರುಗಳ ಸಭೆಯಲ್ಲಿರಬೇಕು. ತಪ್ಪಿದರೆ ಆ ರೌಂಡು ಹೋಯಿತು. ಹೀಗೆ ಗೆರೆ ಕೊರೆದಂತೆ ಬರುವ ಹವ್ಯಾಸಕ್ಕೆ ಮನೆಯ ಕ್ಯಾಲೆಂಡರಿನಲ್ಲಿ ತಾನಾಗಿಯೇ ಜಾಗ ಸಿಗುತ್ತದೆ. ನಾದಿನಿಯ ಮನೆಯ ಗೃಹಪ್ರವೇಶ ಮುಂದಕ್ಕೆ ಹೋದೀತು, ರೇಸು ಹೋಗುವುದಿಲ್ಲ.

ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಚಿತ್ರಕ್ಕೆ ತಾರೀಕಿಲ್ಲ. ಸರಸ್ವತಿಯ ಕಿರೀಟ ಈ ವಾರ ಮುಗಿಯದಿದ್ದರೆ ಮುಂದಿನ ವಾರ ಮುಗಿದೀತು, ಯಾರೂ ಕೇಳುವುದಿಲ್ಲ. ಯಾರೂ ಕೇಳದ ಕೆಲಸ ಸಂಸಾರದಲ್ಲಿ ಕೊನೆಯ ಸಾಲಿಗೆ ಸರಿಯುತ್ತದೆ. ಕುಕ್ಕರ್ ತೊಳೆದಾದ ಮೇಲೆ, ಮಗಳ ಹೋಂವರ್ಕ್ ಮುಗಿದ ಮೇಲೆ, ಅತ್ತೆಯ ಮಾತ್ರೆ ಕೊಟ್ಟ ಮೇಲೆ, ಕಣ್ಣಲ್ಲಿ ಇನ್ನೂ ನಿದ್ದೆ ತುಂಬಿಲ್ಲವಾದರೆ ಕುಂಚ ಹಿಡಿಯಬಹುದು. ಹವ್ಯಾಸಕ್ಕೆ ಸಮಯ ಮಾಡಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಂಸಾರಸ್ಥರ ಮನೆಯಲ್ಲಿ ಬಿಡಿ ಸಮಯ ಎಂಬುದು ಎಲ್ಲೂ ಬಿದ್ದಿರುವುದಿಲ್ಲ. ಒಬ್ಬರಿಗೆ ಸಿಕ್ಕಿದೆ ಎಂದರೆ ಇನ್ನೊಬ್ಬರು ಕೊಟ್ಟಿದ್ದಾರೆ ಎಂದೇ ಅರ್ಥ. ಕೊಟ್ಟವರು ಯಾರು ಎಂದು ಲೆಕ್ಕ ಇಡುವ ಮನೆಯಲ್ಲಿ ಎರಡು ಹವ್ಯಾಸಗಳು ಬದುಕುತ್ತವೆ. ಲೆಕ್ಕ ಇಡದಿದ್ದರೆ ಒಂದೇ ಉಳಿಯುತ್ತದೆ, ಅದೂ ಬಹುತೇಕ ಗಂಡಸಿನದು.

ಇವರಿಗೆ, ಅಂದರೆ ನನ್ನ ಗಂಡನಿಗೆ, ಕೆಲಸ ಪೀಣ್ಯದ ಒಂದು ಟೂಲ್ ರೂಮಿನಲ್ಲಿ. ರೇಸಿನಿಂದ ನಮಗೆ ಒಂದು ಪೈಸೆ ಬರುವುದಿಲ್ಲ, ಹೋಗುವುದಷ್ಟೇ. ಓಡಿಸುವುದು 165 ಸಿಸಿ ಗಾಡಿ. ಬೈಕ್ ರೇಸಿಗೆ ಬೇಕಾದ ಪೂರ್ಣ ಪ್ರಮಾಣದ ಟ್ರ್ಯಾಕ್ ಬೆಂಗಳೂರಿನಲ್ಲಿ ಇಲ್ಲದ್ದರಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬದೂರಿನ ಆಚೆ ಇರುಂಗಾಟ್ಟುಕೋಟೈಗೆ ಹೋಗಬೇಕು. ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಮೂರು ಮನೆಯವರು ಸೇರಿ ಒಂದು ಟಾಟಾ ಏಸ್ ಬಾಡಿಗೆಗೆ ಹಿಡಿಯುತ್ತೇವೆ. ಗಾಡಿಗಳು, ಟೈರು, ಪೆಟ್ರೋಲ್ ಕ್ಯಾನು, ಟೂಲ್ ಪೆಟ್ಟಿಗೆ ಅದರಲ್ಲಿ ಹೋದರೆ, ಮನುಷ್ಯರು, ಪುಳಿಯೋಗರೆ, ಮೊಸರನ್ನದ ಡಬ್ಬಿಗಳು, ನನ್ನ ಬಣ್ಣದ ಚೀಲ ಕಾರಿನಲ್ಲಿ.

ನೋಡದವರಿಗೆ ಅಲ್ಲಿಯ ದಿನ ಹೇಗಿರುತ್ತದೆ ಎಂಬುದರ ಅಂದಾಜು ಇರುವುದಿಲ್ಲ. ಇರುಂಗಾಟ್ಟುಕೋಟೈ ಟ್ರ್ಯಾಕು ಸುತ್ತಿಗೆ 3.7 ಕಿಲೋಮೀಟರ್. ಹೊಸಬರ ವರ್ಗದಲ್ಲಿ ಆರು ಸುತ್ತಿನ ರೇಸು ಹದಿಮೂರು, ಹದಿನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ದಿನವೆಲ್ಲ ಕಾಯುವುದು. ಬಿಸಿಲೆಂದರೆ ಬಿಸಿಲು. ಚರ್ಮದ ಸೂಟು ತೊಟ್ಟು ಕೂತವರಿಗೆ ಗಂಟೆಗೊಮ್ಮೆ ನೀರಿಗೆ ಉಪ್ಪು ಸಕ್ಕರೆ ಕಲಸಿ ಕೊಡಬೇಕು. ಬೆವರಿಗೆ ಮೈಗಂಟಿದ ಆ ಸೂಟನ್ನು ಒಬ್ಬರೇ ಕಳಚಲಾಗದು, ಯಾರಾದರೂ ತೋಳು ಹಿಡಿದು ಎಳೆಯಬೇಕು. ಗಾಡಿಗಳನ್ನು ನಿಲ್ಲಿಸಿಕೊಂಡು ಕಾಯುವ ಪ್ಯಾಡಾಕಿನಲ್ಲಿ ಈ ಕೆಲಸಗಳೆಲ್ಲ ಹೆಂಡತಿ, ತಮ್ಮ, ಅಪ್ಪ, ಸ್ನೇಹಿತ ಇವರ ಪಾಲಿಗೆ ಬರುತ್ತವೆ. ಫಲಿತಾಂಶದ ಹಾಳೆಯಲ್ಲಿ ಒಬ್ಬರದೇ ಹೆಸರಿರುತ್ತದೆ, ಅದರ ಹಿಂದೆ ನಾಲ್ಕು ಜನರ ರಜೆ ಇರುತ್ತದೆ.

ನನಗೆ ತುಂಬ ಇಷ್ಟವಾದ ಕೆಲಸ ತಂತಿ ಕಟ್ಟುವುದು. ಎಂಜಿನ್ ಆಯಿಲ್ ಬಸಿಯುವ ಬೋಲ್ಟು ಓಡುವಾಗ ಅದುರಿ ಸಡಿಲವಾಗಿ ಕಳಚಿಕೊಳ್ಳದಂತೆ, ಅದರ ತಲೆಗೆ ಸಣ್ಣ ತೂತು ಕೊರೆದು ಸ್ಟೀಲ್ ತಂತಿ ಪೋಣಿಸುತ್ತಾರೆ. ಎರಡೂ ಎಳೆಗಳನ್ನು ಒತ್ತೊತ್ತಾಗಿ ಹೊಸೆದು, ಬೋಲ್ಟು ಬಿಗಿಯಾಗುವ ದಿಕ್ಕಿಗೇ ಎಳೆದು ಇನ್ನೊಂದು ಕಡೆ ಕಟ್ಟಬೇಕು. ಉಲ್ಟಾ ಕಟ್ಟಿದರೆ ಕಟ್ಟಿಯೂ ಪ್ರಯೋಜನವಿಲ್ಲ. ತಪಾಸಣೆಯಲ್ಲಿ ಮೊದಲು ನೋಡುವ ಸಂಗತಿಗಳಲ್ಲಿ ಇದೂ ಒಂದು. ಚಿತ್ರಕ್ಕೆ ಕೂರಿಸುವ ಚಿನ್ನದ ರೇಕು ಹಿಡಿದು ಅಭ್ಯಾಸವಾದ ಬೆರಳಿಗೆ ಈ ಕೆಲಸ ಬೇಗ ಒಲಿಯಿತು. ಈಗ ನಮ್ಮ ಗುಂಪಿನ ಗಾಡಿಗಳಿಗೆಲ್ಲ ಗುರುವಾರ ರಾತ್ರಿ ಪೋರ್ಟಿಕೋದಲ್ಲಿ ಕೂತು ನಾನೇ ಕಟ್ಟುತ್ತೇನೆ. ಈ ನಿಯಮ ಓಡಿಸುವವನ ಸಲುವಾಗಿ ಮಾತ್ರ ಇರುವುದಲ್ಲ. ಆಯಿಲ್ ಚೆಲ್ಲಿದರೆ ಜಾರಿ ಬೀಳುವವನು ಹಿಂದೆ ಬರುವವನು. ನೀರಿನಿಂದ ತಣಿಯುವ ಗಾಡಿಗಳಲ್ಲಿ ಮಾಮೂಲಿ ಕೂಲೆಂಟ್ ಬದಲು ಬರೀ ನೀರು ತುಂಬುವುದೂ ಅದಕ್ಕೇ, ಕೂಲೆಂಟ್ ಚೆಲ್ಲಿದ ಜಾಗ ಜಾರುತ್ತದೆ. ಹಿಂದೆ ಬರುವವನ ಹೆಸರು ಗೊತ್ತಿಲ್ಲದೆಯೂ ಅವನನ್ನು ಕಾಯುವ ಈ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಮನೆ ನಡೆಸುವುದಕ್ಕೂ ಇಂಥ ನಾಲ್ಕು ನಿಯಮ ಬೇಕು ಅನ್ನಿಸಿದ್ದು ಆ ತಂತಿ ಹೊಸೆಯುತ್ತಲೇ.

ನಮ್ಮ ನಿಯಮಗಳಲ್ಲಿ ಮೊದಲನೆಯದು ಸೋಮವಾರದ್ದು. ರೇಸಿನ ಭಾನುವಾರವನ್ನು ಎಲ್ಲರೂ ನೋಡುತ್ತಾರೆ, ಮಾರನೆಯ ಸೋಮವಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪರಾತ್ರಿಗೆ ಮನೆ ಸೇರಿರುತ್ತೇವೆ. ಗಾಡಿ ಇಳಿಸಬೇಕು, ಬೆವರು ನಾರುವ ಬಟ್ಟೆ ಒಗೆಯಬೇಕು, ಏಳೂವರೆಗೆ ಮಗಳ ಡಬ್ಬಿ ಸಿದ್ಧವಿರಬೇಕು. ರೇಸು ಮುಗಿದ ಮೇಲಿನ ಸೋಮವಾರ ಅಡಿಗೆಮನೆ ಇವರದು ಎಂದು ತೀರ್ಮಾನವಾಯಿತು. ಮೈಯೆಲ್ಲ ನೋವಿದ್ದರೂ ಸರಿ, ಉಪ್ಪಿಟ್ಟಾದರೂ ಸರಿ. ಅದನ್ನು ಇವರು ತಪ್ಪದೆ ಪಾಲಿಸುತ್ತಾ ಬಂದಿದ್ದಾರೆ.

ಎರಡನೆಯದು ನನ್ನ ಚಿತ್ರದ ದಿನ. ಮೈಸೂರು ಶೈಲಿಯಲ್ಲಿ ಆಭರಣ, ಕಿರೀಟ, ಸೀರೆಯ ಅಂಚುಗಳನ್ನು ಮೊದಲು ಗೆಸ್ಸೋದಿಂದ ತುಸು ಉಬ್ಬಿಸಿ ಬರೆಯುತ್ತೇವೆ. ಬಿಳಿ ಪುಡಿಯನ್ನು ಗೋಂದಿನಲ್ಲಿ ಅರೆದು, ಕೂದಲೆಳೆಯಂಥ ಕುಂಚದಿಂದ ಎಳೆ ಎಳೆಯಾಗಿ ಇಡಬೇಕು. ಉಬ್ಬು ತಂಜಾವೂರಿನ ಚಿತ್ರಗಳಷ್ಟು ದಪ್ಪವಾಗಿರಬಾರದು, ಬೆರಳಾಡಿಸಿದರೆ ತಿಳಿಯುವಷ್ಟಿದ್ದರೆ ಸಾಕು. ಅದರ ಮೇಲೆ ಚಿನ್ನದ ರೇಕು. ರೇಕು ಎಷ್ಟು ತೆಳು ಎಂದರೆ ಉಸಿರು ಜೋರಾದರೂ ಮಡಿಚಿಕೊಂಡುಬಿಡುತ್ತದೆ. ಆ ಹೊತ್ತು ಫ್ಯಾನ್ ಆರಿಸಬೇಕು, ಕಿಟಕಿ ಹಾಕಬೇಕು, ಬಾಗಿಲು ಯಾರೂ ದಡಾರನೆ ತೆಗೆಯಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ ಕಾಲ ಹಾಗೆ ಇರುವುದೆಂದರೆ ಇಡೀ ಮನೆಯೇ ನನಗಾಗಿ ಬೆವರಿದಂತೆ. ಅಂದರೆ ನನ್ನ ಹವ್ಯಾಸವೂ ಮನೆಯವರಿಂದ ಕೇಳಿ ಪಡೆಯುತ್ತದೆ. ಕೇಳುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸಂಕೋಚಪಟ್ಟು ಪಟ್ಟು ಎಷ್ಟು ಹೆಂಗಸರ ವೀಣೆ, ಕುಂಚ, ಗೆಜ್ಜೆ ಅಟ್ಟ ಸೇರಿಲ್ಲ?

ನಮ್ಮ ಅತ್ತೆಯ ವೀಣೆಯೂ ಹಾಗೆ ಅಟ್ಟ ಸೇರಿದ್ದೇ. ಮಾವ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದರು, 1996ರಲ್ಲಿ ಅದು ಮುಚ್ಚುವವರೆಗೂ. ಎಜ್ಡಿ ಗಾಡಿಯ ಸದ್ದಿನಲ್ಲೇ ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದವರು. ಆಗಿನ ರೇಸುಗಳು ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ನಡೆಯುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದ ಹಳೆಯ ರನ್‌ವೇ ಅದು. ಸ್ನೇಹಿತರ ಜೊತೆ ಅಲ್ಲಿಗೆ ಹೋಗಿ ಓಡಿಸಿ ಬರುತ್ತಿದ್ದರಂತೆ. ಅತ್ತೆ ಆ ಕಾಲದ ಬಗ್ಗೆ ಸಿಟ್ಟಿನಿಂದ ಮಾತಾಡುವುದಿಲ್ಲ. ಒಂದು ಸಲ ಸೊಪ್ಪು ಬಿಡಿಸುತ್ತಾ ಹೇಳಿದರು: “ಹೋಗಬೇಡಿ ಅಂತ ನಾನು ಯಾವತ್ತೂ ಅಂದವಳಲ್ಲ ಕಣಮ್ಮ. ಹೋಗ್ತೀನಿ ಅಂತ ಅವರು ಯಾವತ್ತೂ ಹೇಳಿದವರಲ್ಲ.” ಮೊಣಕೈ ಚರ್ಮ ಕಿತ್ತುಕೊಂಡು ಬಂದಾಗಲೇ ಅವರಿಗೆ ವಿಷಯ ತಿಳಿದದ್ದು.

ಅಪಾಯದ ಮಾತನ್ನು ಬಿಟ್ಟು ಈ ವಿಷಯ ಬರೆದರೆ ಅದು ಸುಳ್ಳಾಗುತ್ತದೆ. ಟ್ರ್ಯಾಕು ರಸ್ತೆಗಿಂತ ವಾಸಿ ಎಂದು ಇವರು ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿಗೆ ಲಾರಿ ಬರುವುದಿಲ್ಲ, ತಿರುವಿನಲ್ಲಿ ಬಾವುಟ ಹಿಡಿದ ಮಾರ್ಷಲ್‌ಗಳಿರುತ್ತಾರೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತದೆ. ಟ್ರ್ಯಾಕಿಗೆ ಹೋಗಲು ಶುರುಮಾಡಿದ ಮೇಲೆ ತುಮಕೂರು ರಸ್ತೆಯಲ್ಲಿ ಇವರು ಗಾಡಿ ಓಡಿಸುವ ರೀತಿ ಶಾಂತವಾಯಿತು ಎಂಬುದೂ ನಿಜ. ಆದರೆ 2021ರ ಜನವರಿಯಲ್ಲಿ ಡಕಾರ್ ರ‍್ಯಾಲಿಯ ನಡುವೆ ಸಿ.ಎಸ್. ಸಂತೋಷ್ ಬಿದ್ದು ತಲೆಗೆ ಪೆಟ್ಟಾದ ಸುದ್ದಿ ಬಂದಾಗ ನಮ್ಮಂಥ ಮನೆಗಳಲ್ಲಿ ಯಾರಿಗೂ ಊಟ ಸೇರಲಿಲ್ಲ. 2015ರಲ್ಲಿ ಆ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ಅವರು, ನಮ್ಮ ಬೆಂಗಳೂರಿನವರು. ಅವರು ಚೇತರಿಸಿಕೊಂಡು ಮನೆಗೆ ಮರಳಿದರು. 2023ರ ಆಗಸ್ಟ್‌ನಲ್ಲಿ ಮಾತ್ರ ಹಾಗಾಗಲಿಲ್ಲ. ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಇದೇ ಇರುಂಗಾಟ್ಟುಕೋಟೈ ಟ್ರ್ಯಾಕಿನ ರೇಸಿನಲ್ಲಿ ಬಿದ್ದು ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳನ್ನು ನಿಲ್ಲಿಸಿದರು. ನಮ್ಮ ಮಗಳಿಗೂ ಆಗ ಹೆಚ್ಚುಕಡಿಮೆ ಅದೇ ವಯಸ್ಸು. ಇವರು ಪೋರ್ಟಿಕೋದಲ್ಲಿದ್ದ ಗಾಡಿಯ ಮೇಲೆ ಬಟ್ಟೆ ಹೊದಿಸಿದರು, ಬಹಳ ದಿನ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ, ಮಾರಿಬಿಡಿ ಎಂದೂ ಹೇಳಲಿಲ್ಲ. ಆ ತೀರ್ಮಾನ ಅವರದೇ ಆಗಬೇಕಿತ್ತು.

ಮತ್ತೆ ಹೋಗುತ್ತೇನೆ ಎಂದಾಗ ಇಬ್ಬರೂ ಊಟದ ಮೇಜಿನ ಮೇಲೆ ವಿಮೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆವು. ವಾಹನ ವಿಮೆಯಲ್ಲಿ ರೇಸು ಸೇರುವುದಿಲ್ಲ ಎಂದು ಅಚ್ಚಾಗಿಯೇ ಇರುತ್ತದೆ. ಉಳಿದ ಪಾಲಿಸಿಗಳಲ್ಲಿ ಏನಿದೆ, ಏನಿಲ್ಲ ಎಂದು ಸಾಲು ಸಾಲಾಗಿ ಓದಿದೆವು. ಮನೆಯ ಸಾಲ ಎಷ್ಟು ಉಳಿದಿದೆ, ಆರು ತಿಂಗಳು ಸಂಬಳ ಬರದಿದ್ದರೆ ಹೇಗೆ, ಅತ್ತೆಯನ್ನು ಯಾರು ನೋಡಿಕೊಳ್ಳಬೇಕು. ಕಷ್ಟದ ಮಾತುಗಳು. ಇವರ ದನಿ ಒಂದೆರಡು ಕಡೆ ತಡವರಿಸಿತು. ರೇಸಿಗೆ ಹೋಗುವ ಪ್ರತಿಯೊಬ್ಬರೂ ಹೆಲ್ಮೆಟ್ಟಿನ ದುಡ್ಡು ಎಣಿಸುವ ಮುಂಚೆ ಈ ಮಾತುಕತೆ ಮುಗಿಸಿರಬೇಕು ಎಂದು ನಾನು ನಂಬಿದ್ದೇನೆ. ಓಡಿಸುವವನಿಗೆ ಧೈರ್ಯವಿದ್ದರೆ ಸಾಲದು. ಕಾಯುವವರ ಧೈರ್ಯ ಎಷ್ಟಿದೆ ಎಂದು ಬಾಯಿಬಿಟ್ಟು ಕೇಳಬೇಕು.

ಚಿತ್ರಕ್ಕೆ ತಾರೀಕಿಲ್ಲ ಎಂದೆನಲ್ಲ, ಈಗ ಅದಕ್ಕೂ ಒಂದು ತಾರೀಕು ಸಿಕ್ಕಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಾರೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು, ಬೆಳಗಾಗುವ ಮುಂಚೆ ಹೋಗಿ ಚಿತ್ರ ತೂಗುಹಾಕಬೇಕು. ಅರ್ಜಿ ಹಾಕಿದ ದಿನದಿಂದಲೇ ಮನೆಯಲ್ಲಿ ನನ್ನ ಕುಂಚದ ಸ್ಥಾನ ಬದಲಾಯಿತು. “ಅಮ್ಮನ ಸಂತೆಗೆ ಇನ್ನು ಎಷ್ಟು ದಿನ?” ಎಂದು ಮಗಳು ಕೇಳತೊಡಗಿದಳು. ಬರೆಯಬೇಕು ಅನ್ನಿಸಿದ ಹೆಂಗಸರಿಗೆಲ್ಲ ನಾನು ಹೇಳುವುದು ಇದನ್ನೇ: ಸಣ್ಣದಾದರೂ ಸರಿ, ಒಂದು ತಾರೀಕು ಹುಡುಕಿಕೊಳ್ಳಿ. ಸಂತೆಯ ದಿನ ಇವರು ಮಳಿಗೆಯ ಪಕ್ಕ ಬಕೆಟ್ ಮಗುಚಿ ಹಾಕಿಕೊಂಡು ಕೂತು, ಬಂದವರಿಗೆ ರೇಕು ಕೂರಿಸುವ ಕ್ರಮ ವಿವರಿಸುತ್ತಿದ್ದರು. ನಾನು ಟೀ ಕುಡಿದು ಬರುವಷ್ಟರಲ್ಲಿ ಒಂದು ಗಣಪತಿಯನ್ನು ಮಾರಿದ್ದರು, ನಾನು ಹೇಳಿದ ಬೆಲೆಗಿಂತ ಐನೂರು ಹೆಚ್ಚಿಗೆ.

ಈಗ ಮಗಳು ಪಿಯುಸಿಗೆ ಬಂದಿದ್ದಾಳೆ. ಅವಳ ಕೋಣೆಯ ಗೋಡೆಯ ಮೇಲೆ ಐಶ್ವರ್ಯ ಪಿಸ್ಸೆಯ ಚಿತ್ರವಿದೆ. 2019ರಲ್ಲಿ ಬೈಕ್ ರ‍್ಯಾಲಿಯ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಹುಡುಗಿ ಅವಳು. ಹೋದ ತಿಂಗಳು ಊಟದ ಹೊತ್ತಿಗೆ ಮಗಳು ನೇರವಾಗಿ ಕೇಳಿದಳು: “ಅಮ್ಮ, ಕೋಲಾರದ ಹತ್ತಿರ ಸಂತೋಷ್ ಕಟ್ಟಿದ ಡರ್ಟ್ ಪಾರ್ಕ್ ಇದೆಯಲ್ಲ, ಅಲ್ಲಿಗೆ ಕಲಿಯೋಕ್ಕೆ ಸೇರ್ಲಾ?” ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಆಗಸ್ಟ್ ತಿಂಗಳು ಇಬ್ಬರ ಮನಸ್ಸಿನಲ್ಲೂ ಹಾದುಹೋಗಿರಬೇಕು. ಮಣ್ಣಿನ ಮೇಲೆ ನಿಧಾನವಾಗಿ ಬೀಳುವುದನ್ನು ಕಲಿತು ಶುರುಮಾಡುವುದೇ ಸರಿಯಾದ ಕ್ರಮ ಎಂದು ನನಗೂ ಗೊತ್ತು. ಬೂಟು, ಮೊಣಕಾಲಿನ ಕವಚ, ಎದೆಯ ಕವಚ ಎಲ್ಲ ಹೊಸದಾಗಿಯೇ ಆಗಬೇಕು, ಅದಕ್ಕೆ ತಮ್ಮ ಎರಡನೇ ಜೊತೆ ಚಕ್ರಗಳನ್ನು ಮಾರುತ್ತೇನೆ ಎಂದು ಇವರು ಆ ರಾತ್ರಿ ನನ್ನ ಹತ್ತಿರ ಹೇಳಿದರು. ಒಂದು ರೌಂಡು ಬಿಟ್ಟುಕೊಡಲೂ ಸಿದ್ಧರಿದ್ದಾರೆ. ಅತ್ತೆಯನ್ನು ಕೇಳಿದರೆ, ಕೇಳಿಯಾದರೂ ಹೋಗುತ್ತಿದ್ದಾಳಲ್ಲ, ಕಳಿಸು ಎಂದರು. ಪರೀಕ್ಷೆ ಮುಗಿಯಲಿ ಎಂದು ನಾನು ಹೇಳಿದ್ದೇನೆ. ದಸರಾ ರಜೆಯಲ್ಲೇ ಸೇರಬೇಕು ಎಂಬುದು ಅವಳ ಹಟ. ಮಾತುಕತೆ ಇನ್ನೂ ನಡೆದಿದೆ.