ಶ್ರೀಶೈಲದ ದಾರಿಯಲ್ಲಿ

ಹೊಸಕೋಟೆ ದಾರಿಗಳು ಕೂಡುವ ಊರು. ಸುಗುಟೂರಿನ ತಮ್ಮೇಗೌಡನು 16ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಹೊಸದಾಗಿ ಕೋಟೆ ಕಟ್ಟಿಸಿದ್ದರಿಂದ ಊರಿಗೆ ಈ ಹೆಸರು ಬಂದಿತೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಹಳೆಯ ಮದರಾಸು ರಸ್ತೆ ಇಲ್ಲಿಯೇ ಹಾದುಹೋಗುತ್ತದೆ. ಚಿಂತಾಮಣಿಗೆ, ಮಾಲೂರಿಗೆ, ದೇವನಹಳ್ಳಿಗೆ ಇಲ್ಲಿಂದಲೇ ದಾರಿಗಳು ಕವಲೊಡೆಯುತ್ತವೆ. ಇಂಥ ಊರಿನಲ್ಲಿ ಬಾಳುವವರು ಹೋಗಿಬರುವವರನ್ನು ನೋಡುತ್ತಲೇ ಕಾಲ ಕಳೆಯುತ್ತಾರೆ, ತಾವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಶಾಲೆಯ ಮಾಸ್ತರಿಕೆಯಲ್ಲಿ ತಲೆ ನರೆಸಿದ ನಾವು ದಂಪತಿಗಳೂ ಹಾಗೆಯೇ ಇದ್ದವರು. ನೆಂಟರಿಷ್ಟರ ಮದುವೆಗಳು, ವರ್ಷಕ್ಕೊಮ್ಮೆ ಸಿದ್ಧಗಂಗೆ, ಇಷ್ಟೇ ನಮ್ಮ ದೇಶಾಟನೆ.

ಅಂಥ ನಾವು ಸುಮಾರು ಐನೂರು ಕಿಲೋಮೀಟರು ದೂರದ ಶ್ರೀಶೈಲಕ್ಕೆ ಹೊರಟದ್ದು ಹಿರಿಯ ಮಗಳ ಮದುವೆ ಮುರಿದದ್ದರಿಂದ. ಈ ಪತ್ರಿಕೆಯನ್ನು ಓದುವ ಮನೆಗಳಿಗೆ ಇಂಥ ಸಂಗತಿ ಅಪರಿಚಿತವೇನಲ್ಲ. ಆದ್ದರಿಂದ ಮುಚ್ಚಿಟ್ಟು ಹೇಳುವ ಅಗತ್ಯವಿಲ್ಲ. ಮಗಳು ಪಶುವೈದ್ಯೆ. ಹಾಲು, ರೇಷ್ಮೆಗಳನ್ನೇ ನೆಚ್ಚಿದ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಸು ಈಯಲಾರದೆ ಒದ್ದಾಡಿದರೆ ನಡುರಾತ್ರಿಯಲ್ಲಿಯೂ ಹೋಗಬೇಕಾದ ಕೆಲಸ ಅವಳದು. ಕೆಲಸ ಬಿಡುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿದ್ದಳು. ಗಂಡಿನ ಕಡೆಯವರು ಒಪ್ಪಿದ್ದರು. ನಿಶ್ಚಿತಾರ್ಥದ ಮೇಲೆ ರಾತ್ರಿಯ ಕರೆಗಳಿಗೆ ಹೋಗಬಾರದೆಂದರು. ಅನಂತರ ಹಳ್ಳಿ ಬಿಟ್ಟು ಪಟ್ಟಣದಲ್ಲಿ ನಾಯಿ-ಬೆಕ್ಕುಗಳ ಚಿಕಿತ್ಸಾಲಯ ನೋಡಿಕೊಳ್ಳಲಿ ಎಂದರು. ಕೊನೆಗೆ, ಎಂಟು ತಿಂಗಳು ದಿನವೂ ಅವಳೊಡನೆ ಮಾತನಾಡಿದ್ದ ಆ ಹುಡುಗನೇ, ಕೆಲಸವೋ ತಾನೋ ಒಂದನ್ನು ಆರಿಸಿಕೊಳ್ಳೆಂದನಂತೆ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ವಾರ ಮಗಳು ಉಂಗುರವನ್ನು ಹಿಂದಿರುಗಿಸಿ ಬಂದಳು.

ಆಮೇಲೆ ಅವಳು ಅಳಲಿಲ್ಲ, ಮಾತನ್ನೇ ಬಿಟ್ಟಳು. ಕೆಲಸಕ್ಕೆ ಹೋಗುವಳು, ಬರುವಳು, ಊಟದ ತಟ್ಟೆಯ ಮುಂದೆ ಕೂತು ಏಳುವಳು. ಅವನ ಮೇಲೆ ಅವಳಿಗೆ ನಿಜವಾದ ಪ್ರೀತಿಯಿತ್ತು. ಬೀದಿಯವರಿಗೆ ಅದು ತಿಳಿಯದು. ಹುಡುಗಿಯೇ ಬೇಡವೆಂದಳಂತಲ್ಲ, ಏನು ಕಾರಣವೋ ಎಂಬುದಷ್ಟೇ ಅವರ ಕುತೂಹಲ. ಮಲಗುವ ಕೋಣೆಯ ಬೀರುವಿನಲ್ಲಿ ಧಾರೆಯ ಸೀರೆ ಹಾಗೆಯೇ ಇತ್ತು. ಅದನ್ನು ಏನು ಮಾಡಬೇಕೆಂದು ಯಾರೂ ಬಾಯಿ ಬಿಡಲಿಲ್ಲ. ಎಂಬತ್ತು ದಾಟಿದ ಅಜ್ಜಿ ಮಾತ್ರ ಒಂದು ಸಂಜೆ, "ಯುಗಾದಿ ಹತ್ತಿರ ಬಂತು. ಶ್ರೀಶೈಲಕ್ಕೆ ಹೋಗಿ ಭ್ರಮರಾಂಬೆಗೆ ಆ ಸೀರೆ ಏರಿಸಿ ಬರೋಣ," ಎಂದರು. ಮಗಳು ಬೇಡವೆನ್ನಲಿಲ್ಲ.

ಬೆಳಗಿನ ನಾಲ್ಕಕ್ಕೆ ಹೊರಟೆವು. ದೇವನಹಳ್ಳಿಯಲ್ಲಿ ಹೆದ್ದಾರಿ ಸೇರಿ, ಬಾಗೇಪಲ್ಲಿ ದಾಟುವಾಗ ಬೆಳಕು ಹರಿಯಿತು. 1565ರ ಯುದ್ಧದಲ್ಲಿ ಸೋತ ವಿಜಯನಗರದ ಅರಸರು ಆಶ್ರಯಿಸಿದ ಪೆನುಕೊಂಡೆಯ ಬೆಟ್ಟ ಎಡಕ್ಕೋ ಬಲಕ್ಕೋ ಎಂದು ನಾವು ಚರ್ಚಿಸುತ್ತಿರುವಾಗಲೇ ಅದು ಹಿಂದೆ ಉಳಿಯಿತು. ಅನಂತಪುರ ದಾಟಿದ ಮೇಲೆ ಮಗಳು ತಾನೇ ಕಾರು ನಡೆಸುವೆನೆಂದಳು. ಬಹಳ ದಿನಗಳ ಮೇಲೆ ಅವಳಾಗಿ ಆಡಿದ ಮಾತು ಅದು.

ಹಿಂದಿನ ಸೀಟಿನಲ್ಲಿ ಅಜ್ಜಿ ಅಕ್ಕನ ಕಥೆ ತೆಗೆದರು. ಉಡುತಡಿಯ ಮಹಾದೇವಿಯನ್ನು ಕೌಶಿಕರಾಜ ಬಯಸಿದ್ದು, ಅವಳ ಷರತ್ತುಗಳಿಗೆ ಒಪ್ಪಿದ್ದು, ಮಾತಿಗೆ ತಪ್ಪಿದ್ದು, ಅವಳು ಎಲ್ಲವನ್ನೂ ಬಿಟ್ಟು ನಡೆದದ್ದು ನಮಗೆಲ್ಲ ತಿಳಿದದ್ದೇ. ಹರಿಹರ ಕವಿಯು ತನ್ನ ರಗಳೆಯಲ್ಲಿ ಮದುವೆಯಾಯಿತೆನ್ನುತ್ತಾನೆ. 15ನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಆಗಲೇ ಇಲ್ಲವೆನ್ನುತ್ತಾನೆ. ಪಂಡಿತರು ಇದನ್ನು ಬಹುಕಾಲ ಚರ್ಚಿಸಿದ್ದಾರೆ. ನಮಗನಿಸುವಂತೆ, ಆದರೂ ಆಗದಿದ್ದರೂ ಮಹಾದೇವಿ ಮನೆ ಬಿಟ್ಟ ಮೇಲೆ ನಡೆದ ದಾರಿ ಮಾತ್ರ ಅಷ್ಟೇ ಉದ್ದ. ಶಿವಮೊಗ್ಗದ ಶಿಕಾರಿಪುರ ಸೀಮೆಯಿಂದ ಕಲ್ಯಾಣಕ್ಕೆ ನಾನೂರು ಕಿಲೋಮೀಟರಿಗೂ ಮಿಗಿಲು. ಅಲ್ಲಿಂದ ಶ್ರೀಶೈಲಕ್ಕೆ ಮತ್ತೆ ಮುನ್ನೂರಕ್ಕೆ ಕಡಿಮೆಯಿಲ್ಲ. 12ನೆಯ ಶತಮಾನದಲ್ಲಿ, ಒಂಟಿ ಹೆಣ್ಣು, ಬರಿಗಾಲು.

ಕಲ್ಯಾಣದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಮೊದಲು ಕೇಳಿದ್ದೂ ಗಂಡನ ವಿಚಾರವನ್ನೇ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಅದು ಆಕೆಯ ನಿಲವನ್ನು ಎಲ್ಲರೆದುರು ಒರೆಗೆ ಹಚ್ಚಲು ಕೇಳಿದ ಪ್ರಶ್ನೆ. ಉತ್ತರ ಕೇಳಿದ ಮೇಲೆ ಹಿರಿಯ ಶರಣರೂ ಆ ಎಳೆಯಳನ್ನು ಅಕ್ಕ ಎಂದು ಕರೆದರು. ನಾವಾದರೋ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇವೆ, ಉತ್ತರ ಕೇಳುವ ತಾಳ್ಮೆಯನ್ನು ಬಿಟ್ಟಿದ್ದೇವೆ. ಅಕ್ಕನ ಪಟಕ್ಕೆ ಹೂವೇರಿಸುವ ಮನೆಯಲ್ಲಿಯೇ, ಮಾತಿಗೆ ತಪ್ಪಿದವನನ್ನು ಬಿಟ್ಟು ಬಂದ ಹೆಣ್ಣಿನ ಬಗ್ಗೆ ದನಿ ತಗ್ಗಿಸಿ ಮಾತನಾಡುತ್ತಾರೆ.

ಕಥೆ ಮುಗಿದಾಗ ಮಗಳು ಕೇಳಿದ್ದು ಒಂದೇ ಮಾತು: "ಅಜ್ಜಿ, ದಾರಿಯಲ್ಲಿ ಅವಳಿಗೆ ಅವನ ನೆನಪು ಬರುತ್ತಿತ್ತೇ?"

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಯಾರೂ ಬರೆದಿಲ್ಲ ಮಗಳೇ," ಎಂದರು.

ಕರ್ನೂಲಿನಲ್ಲಿ ತುಂಗಭದ್ರೆ ಸಿಕ್ಕಿತು. ಶಿವಮೊಗ್ಗದ ಕೂಡಲಿಯಲ್ಲಿ ಒಂದಾದ ಹೊಳೆ ಇಷ್ಟು ದೂರ ಬಂದು, ಮುಂದೆ ಕೃಷ್ಣೆಯನ್ನು ಸೇರಿ ಶ್ರೀಶೈಲದ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಆತ್ಮಕೂರಿನವರೆಗೆ ದಾರಿಯ ಅಂಚಿನಲ್ಲಿ ನಡೆಯುವವರ ಸಾಲು. ಶ್ರೀಶೈಲಕ್ಕೆ ಶಿವರಾತ್ರಿಯಲ್ಲಿ ತೆಲುಗು ಜನ ಹೆಚ್ಚಾದರೆ ಯುಗಾದಿಯಲ್ಲಿ ಕನ್ನಡಿಗರೇ ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳಿಂದ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ವಾರಗಟ್ಟಲೆ ನಡೆದು ಬಂದು ನಲ್ಲಮಲೆಯ ಕಾಡನ್ನು ಹಾಯುತ್ತಾರೆ. ಭ್ರಮರಾಂಬೆ ಅವರಿಗೆ ಮನೆಯ ಮಗಳು. ತವರಿನಿಂದ ಸೀರೆ, ಅರಿಸಿನ, ಕುಂಕುಮ ಒಯ್ದು ಕೊಡುವುದು ಅವರ ಪದ್ಧತಿ.

ಆತ್ಮಕೂರಿನ ಬಳಿ ಹುಣಸೆಯ ಮರದಡಿ ಒಂದು ತಂಡ ತಂಗಿತ್ತು. ಅವರ ಚಕ್ಕಡಿಯ ಎತ್ತೊಂದು ಕಾಲೂರಲಾರದೆ ನಿಂತಿತ್ತು. ಮಗಳು ಕಾರು ನಿಲ್ಲಿಸಿ, ಯಾರನ್ನೂ ಕೇಳದೆ ಇಳಿದು ಹೋದಳು. ಹಿಂದುಗಡೆಯ ಡಿಕ್ಕಿಯಲ್ಲಿ ಅವಳ ಔಷಧದ ಪೆಟ್ಟಿಗೆ ಇತ್ತೆಂಬುದು ನಮಗೆ ತಿಳಿದದ್ದೇ ಆಗ. ಗೊರಸಿನ ಸಂದಿಯಲ್ಲಿ ಕಲ್ಲಿನ ಚೂರು ಹೊಕ್ಕು ಕೀವಾಗಿತ್ತು. ಇಬ್ಬರು ಗಂಡಸರಿಗೆ ಎತ್ತನ್ನು ಹೇಗೆ ಹಿಡಿಯಬೇಕೆಂದು ಗದರಿಸಿ ಹೇಳಿ, ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಚೂರು ತೆಗೆದು ತೊಳೆದು ಮದ್ದು ಹಾಕಿ ಕಟ್ಟು ಕಟ್ಟಿದಳು. ಎರಡು ದಿನ ಈ ಎತ್ತಿಗೆ ನೊಗ ಹೂಡಬೇಡಿರೆಂದು ಕಟ್ಟುನಿಟ್ಟಾಗಿ ಹೇಳಿದಳು. ಅವಳು ಕೆಲಸ ಮಾಡುವುದನ್ನು ನಾವು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ದನಿ, ಆ ಕೈಗಳ ನಿಶ್ಚಯ ನಮಗೆ ಹೊಸದಾಗಿದ್ದವು. ಇದನ್ನು ಬಿಡು ಎಂದು ಕೇಳಿದವನು ಏನನ್ನು ಕೇಳಿದ್ದನೆಂಬುದು ಆ ಮರದಡಿ ನಮಗೆ ಪೂರ್ತಿ ತಿಳಿಯಿತು.

ತಂಡದ ಮುದುಕಿಯೊಬ್ಬರು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಎಷ್ಟು ವರ್ಷದಿಂದ ನಡೆಯುತ್ತಿದ್ದೀರೆಂದು ಅವಳು ಕೇಳಿದಳು.

"ಹನ್ನೊಂದ ವರ್ಷ ಆತ ನೋಡವ್ವ. ಯಜಮಾನ ಬಿಟ್ಟ ಹೋದ ವರ್ಷ ಶುರು ಮಾಡಿದ್ದು. ಆವಾಗ ದಾರಿ ತುಂಬ ಅಳಕೋತ ಬಂದಿದ್ದೆ. ಈಗ ಕಾಲ ನೋವಷ್ಟ."

ಮಗಳು ನಕ್ಕಳು. ನಗುತ್ತಲೇ ಕಣ್ಣೀರು ಬಂದಿತು. ಆ ತಾಯಿ ಏನನ್ನೂ ಕೇಳದೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಕಾಡಿನ ದಾರಿಯಲ್ಲಿ ರಾತ್ರಿ ವಾಹನಗಳನ್ನು ಬಿಡುವುದಿಲ್ಲವೆಂಬುದನ್ನು ನಾವು ನೆನಪಿಸದಿದ್ದರೆ ಅಲ್ಲಿಯೇ ಕತ್ತಲಾಗುತ್ತಿತ್ತು. ದೋರ್ನಾಲ ಮುಟ್ಟುವ ತನಕ ಅವಳು ಆ ಹುಡುಗನ ವಿಷಯವನ್ನು, ಅವನ ಒಳ್ಳೆಯ ಗುಣಗಳನ್ನೂ ಸೇರಿಸಿ, ನಮಗೆ ಹೇಳಿದಳು. ನಾವು ಕೇಳಿದೆವು.

ಮರುದಿನ ದರ್ಶನಕ್ಕೆ ಹೊರಟಾಗ ಮಗಳು ಧಾರೆಯ ಸೀರೆಯನ್ನು ಉಟ್ಟು ಬಂದಳು. ಅಜ್ಜಿಯ ಮುಖ ನೋಡಿ, "ಇದು ನನ್ನ ಸಂಬಳದಲ್ಲಿ ತೆಗೆದದ್ದು ಅಜ್ಜಿ. ನನಗೆ ಬಹಳ ಇಷ್ಟದ ಬಣ್ಣ. ಅಮ್ಮನವರಿಗೆ ಬೇರೆ ಕೊಳ್ಳುತ್ತೇನೆ," ಎಂದಳು. ಗುಡಿಯ ಹೊರಗಿನ ಅಂಗಡಿಯಲ್ಲಿ ಹಸಿರು ಇಳಕಲ್ ಸೀರೆ ಆರಿಸಿದಳು. ಹರಕೆಯ ಮಾತು ತಪ್ಪಿತೇನೋ ಎಂಬ ಅಳುಕು ನಮಗಿತ್ತು. ಅಜ್ಜಿ ಮಾತ್ರ ಇಳಕಲ್ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಬೆಲೆ ಹೆಚ್ಚಾಯಿತೆಂದು ಅಂಗಡಿಯವನೊಡನೆ ಜಗಳ ತೆಗೆದಿದ್ದರು.

ಮಧ್ಯಾಹ್ನ ಪಾತಾಳಗಂಗೆಯಿಂದ ದೋಣಿಯಲ್ಲಿ ಅಕ್ಕನ ಗುಹೆಗೆ ಹೋದೆವು. ಅಣೆಕಟ್ಟು ಆದದ್ದು 1980ರ ದಶಕದ ಆರಂಭದಲ್ಲಿ. ಅಕ್ಕ ಕಂಡ ಕೃಷ್ಣೆ ಈ ನಿಂತ ನೀರಿನ ಅಡಿಯಲ್ಲೆಲ್ಲೋ ಇದ್ದಾಳೆ. ಗುಹೆಯ ಒಳದಾರಿ ಕಿರಿದು, ಕತ್ತಲು. ಒಬ್ಬೊಬ್ಬರೇ ಬಾಗಿ ನುಸುಳಬೇಕು. ನಮ್ಮಿಬ್ಬರಿಗೂ ಮೊಣಕಾಲು ನೋವಾದ್ದರಿಂದ ಹೊರಗೆ ಬಂಡೆಯ ನೆರಳಿನಲ್ಲಿ ಕೂತೆವು. ಮಗಳು ಒಬ್ಬಳೇ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು. ಏನು ಕಂಡೆಯೆಂದು ನಾವು ಕೇಳಲಿಲ್ಲ. ಹಸಿವಾಗಿದೆ ಎಂದಳು.

ಊರಿಗೆ ಬಂದ ಮೇಲೂ ಬೇರೆ ಗಂಡು ನೋಡಿದಿರಾ ಎಂದು ಕೇಳುವವರು ಕೇಳುತ್ತಲೇ ಇದ್ದಾರೆ. ಅವಳನ್ನೇ ಕೇಳಿರೆನ್ನುತ್ತೇವೆ. ಬರುವ ಯುಗಾದಿಗೆ ಆತ್ಮಕೂರಿನಿಂದ ಆ ಮುದುಕಿಯ ತಂಡದೊಡನೆ ನಡೆದೇ ಹೋಗುವೆನೆಂದು ಮಗಳು ಈಗಲೇ ರಜೆಗೆ ಬರೆದಿದ್ದಾಳೆ. ನಾವು ಅಜ್ಜಿಯನ್ನು ಕಾರಿನಲ್ಲಿ ಕರೆತಂದು ಶ್ರೀಶೈಲದಲ್ಲಿ ಕಾಯಬೇಕಂತೆ.